ಫೈಬರ್ ಕೆಲಸಕ್ಕೆ ಬಂದರಿನಲ್ಲಿ ಸೂರು ಬೇಕು

ಮಾನ್ಯ ಸಂಪಾದಕರೇ,

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ಬಂದ್. ಕಾರವಾರದ ಬೈತಕೋಲದಿಂದ ಭಟ್ಕಳದ ಮಾವಿನಕುರ್ವೆಯವರೆಗೆ ಬೋಟುಗಳು ದಡ ಹತ್ತುವುದು ಈ 61 ದಿನಗಳಲ್ಲೇ. ಎಂಜಿನ್ ಬಿಚ್ಚುವುದು, ಬಲೆ ರಿಪೇರಿ, ಬಣ್ಣ ಎಲ್ಲ ಆಗಲೇ ಆಗಬೇಕು. ಫೈಬರ್ ಹಾಕಿಸುವುದೂ ಆಗಲೇ. ಉಳಿದ ಕೆಲಸಗಳಿಗೆ ಮಳೆಯಿಂದ ಬರೀ ಕಿರಿಕಿರಿ, ಫೈಬರ್ ಕೆಲಸವನ್ನು ಮಾತ್ರ ಅದು ಬುಡದಲ್ಲೇ ಕೆಡಿಸುತ್ತದೆ. ವರ್ಷದಲ್ಲಿ ಯಾವ ಎರಡು ತಿಂಗಳು ಈ ಕೆಲಸಕ್ಕೆ ಕೈ ಹಾಕಬಾರದೋ ಆ ಎರಡೇ ತಿಂಗಳಲ್ಲಿ, ನಾಲ್ಕು ಕಂಬಕ್ಕೆ ಬಿಗಿದ ತಾಡಪತ್ರಿಯ ಕೆಳಗೆ, ಲಕ್ಷಾಂತರ ರೂಪಾಯಿಯ ಬೋಟಿಗೆ ನಾವು ಫೈಬರ್ ಹಾಕುತ್ತಿದ್ದೇವೆ. ಎರಡು ವರ್ಷಕ್ಕೆ ಸಿಪ್ಪೆ ಎದ್ದರೆ ಬೈಗುಳ ಮಾತ್ರ ಕೆಲಸಗಾರನಿಗೆ.

ಫೈಬರ್ ಎಂದರೆ ಗಾಜಿನ ಎಳೆಯ ಬಟ್ಟೆ ಮತ್ತು ಪಾಲಿಯೆಸ್ಟರ್ ರೆಸಿನ್, ಇಷ್ಟೇ. ಎಳೆದರೆ ತಡೆಯುವ ಶಕ್ತಿ ಗಾಜಿನದು. ಎಳೆಗಳನ್ನು ಒಂದಕ್ಕೊಂದು ಹಿಡಿದಿಟ್ಟು ನೀರು ತಾಗದಂತೆ ಕಾಯುವುದು ರೆಸಿನ್. ಇವೆರಡರ ನಡುವಿನ ಹಿಡಿತಕ್ಕೆಂದು ಕಾರ್ಖಾನೆಯಲ್ಲೇ ಗಾಜಿನ ಎಳೆಗೆ ಸಿಲೇನ್ ಎಂಬ ತೆಳು ಲೇಪ ಕೊಟ್ಟಿರುತ್ತಾರೆ. ಎಳೆಯ ಮೇಲೆ ತೇವ ಕೂತರೆ ರೆಸಿನ್ ಈ ಲೇಪದವರೆಗೆ ಮುಟ್ಟುವುದೇ ಇಲ್ಲ. ಮೇಲಿಂದ ಕೆಲಸ ಗಟ್ಟಿಯಾಗಿಯೇ ಕಾಣುತ್ತದೆ, ಒಳಗೆ ಬಟ್ಟೆ ಬೇರೆ ರೆಸಿನ್ ಬೇರೆ. ಮೇಲಾಗಿ ನೀರಿನ ಅಂಶ ಪಾಲಿಯೆಸ್ಟರ್ ಗಟ್ಟಿಯಾಗುವುದನ್ನೂ ತಡೆಯುತ್ತದೆ. ಮಳೆಗಾಲದ ಕೆಲಸದಲ್ಲಿ ಅಲ್ಲಲ್ಲಿ ಹಾಲಿನಂತೆ ಬೆಳ್ಳಗಾಗುವುದಕ್ಕೂ ಕೈಗೆ ಅಂಟು ಅಂಟಾಗಿ ಉಳಿಯುವುದಕ್ಕೂ ಬಹುಪಾಲು ಇದೇ ಕಾರಣ.

ಲೆಕ್ಕ ಸರಳ. ಬೋಟಿನ ಮೈ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಯಾಗುವ ಉಷ್ಣತೆ) ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು, ಗಾಳಿಯ ಆರ್ದ್ರತೆ ಶೇ 75 ದಾಟಬಾರದು. ಜುಲೈನ ಒಂದು ಸಾಮಾನ್ಯ ದಿನ ತೆಗೆದುಕೊಳ್ಳಿ: ಉಷ್ಣತೆ 26 ಡಿಗ್ರಿ, ಆರ್ದ್ರತೆ ಶೇ 90. ಆಗ ಇಬ್ಬನಿ ಬಿಂದು ಸುಮಾರು 24 ಡಿಗ್ರಿ. ಬೋಟಿನ ಮೈಯೂ 26ರಲ್ಲೇ ಇರುವುದರಿಂದ ಅಂತರ ಎರಡೇ ಡಿಗ್ರಿ. ಒಂದು ಜಡಿ ಬಂದು ಹಲಗೆ ತಣ್ಣಗಾದರೆ ಅದೂ ಇಲ್ಲ. ಅದೇ ಗಾಳಿಯನ್ನು ಮುಚ್ಚಿದ ಶೆಡ್ಡಿನೊಳಗೆ 31 ಡಿಗ್ರಿಗೆ ಬಿಸಿ ಮಾಡಿದರೆ ಆರ್ದ್ರತೆ ಶೇ 70ಕ್ಕಿಂತ ಕೆಳಗಿಳಿಯುತ್ತದೆ. ಐದು ಡಿಗ್ರಿ ಬಿಸಿ ಸಾಕು, ಆದರೆ ನಾಲ್ಕೂ ಕಡೆ ಬಯಲಾದ ತಾಡಪತ್ರಿಯ ಕೆಳಗೆ ಆ ಐದು ಡಿಗ್ರಿ ನಿಲ್ಲುವುದಿಲ್ಲ. ಗ್ಯಾಸ್ ಒಲೆಯನ್ನೋ ಕಟ್ಟಿಗೆ ಬೆಂಕಿಯನ್ನೋ ಇಡುವ ಯೋಚನೆಯಂತೂ ಬೇಡವೇ ಬೇಡ. ಉರಿಯಿಂದ ಮತ್ತಷ್ಟು ನೀರಾವಿ ಹೊರಡುತ್ತದೆ, ರೆಸಿನ್ನಿನಿಂದ ಏಳುವ ಸ್ಟೈರೀನ್ ಆವಿ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ವಿದ್ಯುತ್ ಹೀಟರನ್ನು ಹೊರಗಿಟ್ಟು ಬಿಸಿಗಾಳಿಯನ್ನು ಪೈಪಿನಲ್ಲಿ ಒಳಗೆ ಬಿಡುವುದೇ ದಾರಿ.

ಮರದ ಬೋಟಿಗೆ ಮೇಲಿಂದ ಫೈಬರ್ ಹೊದಿಸುವುದಾದರೆ ಇನ್ನೊಂದು ತೊಡಕಿದೆ. ಹತ್ತು ತಿಂಗಳು ಸಮುದ್ರದಲ್ಲಿದ್ದ ಹಲಗೆ ನೀರು ಕುಡಿದು ಕೂತಿರುತ್ತದೆ. ಪಾಲಿಯೆಸ್ಟರ್ ಹಿಡಿಯಬೇಕಾದರೆ ಮರದ ತೇವ ಶೇ 15ಕ್ಕಿಂತ ಕಡಿಮೆ ಇರಬೇಕು. ಜೂನ್‌ನಲ್ಲಿ ದಡಕ್ಕೆಳೆದ ಬೋಟು ಬಯಲಲ್ಲಿ ಎಷ್ಟು ದಿನ ನಿಂತರೂ ಅಷ್ಟು ಒಣಗುವುದಿಲ್ಲ, ಹಲಗೆಯೊಳಗಿನ ಉಪ್ಪು ಗಾಳಿಯ ತೇವವನ್ನು ಮತ್ತೆ ಎಳೆದುಕೊಳ್ಳುತ್ತದೆ. ಮೊದಲು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು, ಹಳೆಯ ಬಣ್ಣ, ಡಾಂಬರು, ಎಣ್ಣೆ ಎಲ್ಲವನ್ನೂ ಮರ ಕಾಣುವವರೆಗೆ ಉಜ್ಜಿ ತೆಗೆದು, ಆಮೇಲೆ ಒಣಗಿಸಬೇಕು. ತೇವ ಅಳೆಯುವ ಮೀಟರು ದುಬಾರಿಯದ್ದೇನಲ್ಲ. ಅದೂ ಇಲ್ಲದಿದ್ದರೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಹಲಗೆಯ ಮೇಲೆ ನಾಲ್ಕೂ ಅಂಚಿಗೆ ಟೇಪ್ ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಒಳಬದಿಯಲ್ಲಿ ಹನಿ ಕಂಡರೆ ಆ ದಿನ ರೆಸಿನ್ ಡಬ್ಬಿ ತೆರೆಯಬೇಡಿ. ಸಾಗವಾನಿಯಂಥ ಎಣ್ಣೆಯಂಶದ ಮರ ಒಣಗಿದ್ದರೂ ಪಾಲಿಯೆಸ್ಟರ್ ಹಿಡಿಯುವುದು ಕಷ್ಟ. ಅಲ್ಲಿ ಖರ್ಚಾದರೂ ಎಪಾಕ್ಸಿ ಎಂಬ ಬೇರೆ ಬಗೆಯ ರೆಸಿನ್ನೇ ಸರಿ. ಆದರೆ ಎಪಾಕ್ಸಿಯ ಜೊತೆ ಮಾಮೂಲಿ ಮ್ಯಾಟ್ (ತುಂಡು ಎಳೆಗಳನ್ನು ಅಂಟಿಸಿ ಮಾಡಿದ ಹಾಸು) ಬಳಸುವಂತಿಲ್ಲ. ಮ್ಯಾಟಿನ ಎಳೆಗಳನ್ನು ಹಿಡಿದಿರುವ ಅಂಟು ಕರಗುವುದು ಸ್ಟೈರೀನ್‌ನಲ್ಲಿ, ಎಪಾಕ್ಸಿಯಲ್ಲಿ ಸ್ಟೈರೀನ್ ಇರುವುದಿಲ್ಲ. ನೇಯ್ದ ಬಟ್ಟೆಯನ್ನೇ ತರಿಸಬೇಕು.

ಒಂದು ಮಾತು ಖಾರವಾಗಿಯೇ ಹೇಳಬೇಕು. ಹಲಗೆ ಕೊಳೆತು ಸಂದು ಬಿಟ್ಟ ಹಳೇ ಬೋಟಿಗೆ ಸೋರಿಕೆ ನಿಲ್ಲಲೆಂದು ಫೈಬರ್ ಹೊದಿಸುವುದು ದುಡ್ಡು ನೀರಿಗೆ ಹಾಕಿದಂತೆ. ಮರ ಹಿಗ್ಗುತ್ತದೆ, ಕುಗ್ಗುತ್ತದೆ. ಪಾಲಿಯೆಸ್ಟರ್ ಅಷ್ಟು ಬಾಗುವುದಿಲ್ಲ, ಸಂದಿನ ಗೆರೆಯಲ್ಲೇ ಸೀಳುತ್ತದೆ. ಆ ಸೀಳಿನಿಂದ ಹೊಕ್ಕ ನೀರಿಗೆ ಹೊರಬರಲು ದಾರಿಯಿಲ್ಲದೆ ಹಲಗೆ ಮೊದಲಿಗಿಂತ ಬೇಗ ಕೊಳೆಯುತ್ತದೆ. ದಡಕ್ಕೆಳೆಯುವಾಗ ಅಡಿಮರದ ಫೈಬರ್ ಸವೆದು ಹೋದರೆ ಮರ ಕೊರೆಯುವ ಹುಳುವಿಗೂ ಅದೇ ಬಾಗಿಲು. ಹಾಗಾಗಿ ಹೊದಿಸುವ ಮೊದಲು ಕೆಟ್ಟ ಹಲಗೆ ಬದಲಾಗಬೇಕು. ಅಡಿಮರಕ್ಕೂ ಮೂತಿಗೂ ಎರಡು ಪದರ ಹೆಚ್ಚಿಗೆ ಹಾಕಿ, ಅಡಿಮರದ ಕೆಳಗೆ ಸವೆದರೆ ಬದಲಿಸಬಹುದಾದ ಪಟ್ಟಿ ಕೂರಿಸಬೇಕು.

ಈಗ ಸಾಮಾನಿನ ಲೆಕ್ಕ. ಮಾಲೀಕರು ಕೇಳುವುದೇ ಇಲ್ಲ, ಕೇಳಬೇಕು. ಸಾಮಾನ್ಯ ಹೊದಿಕೆ ಎಂದರೆ ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್, ಅದರ ಮೇಲೆ 600 ಗ್ರಾಮಿನ ರೋವಿಂಗ್ (ದಪ್ಪ ಎಳೆಯ ನೇಯ್ದ ಬಟ್ಟೆ), ಮೇಲೆ ಮತ್ತೊಂದು 450ರ ಮ್ಯಾಟ್. ಒಟ್ಟು ದಪ್ಪ ಮೂರು ಮಿಲಿಮೀಟರಿಗೆ ಸ್ವಲ್ಪ ಕಡಿಮೆ. 10 ಚದರ ಮೀಟರಿಗೆ ಮ್ಯಾಟ್ 9 ಕೆಜಿ, ರೋವಿಂಗ್ 6 ಕೆಜಿ ಬೇಕು. ಮ್ಯಾಟ್ ತನ್ನ ತೂಕದ ಎರಡೂಕಾಲು ಪಟ್ಟು ರೆಸಿನ್ ಕುಡಿಯುತ್ತದೆ, ರೋವಿಂಗ್ ತನ್ನಷ್ಟೇ. ಅಂದರೆ ರೆಸಿನ್ ಸುಮಾರು 26 ಕೆಜಿ, ಮರಕ್ಕೆ ಹಚ್ಚುವ ಮೊದಲ ಕೋಟಿಗೆ 3–4 ಕೆಜಿ, ಪೋಲು ಸೇರಿ 33 ಕೆಜಿ ಹಿಡಿಯಿರಿ. ಇದೇ ಕೆಲಸಕ್ಕೆ 50 ಕೆಜಿ ಖರ್ಚಾದರೆ ಬೋಟು ಗಟ್ಟಿಯಾಯಿತು ಎಂದು ಸಂತೋಷಪಡುವಂತಿಲ್ಲ. ರೆಸಿನ್ ಹೆಚ್ಚಾದಷ್ಟೂ ಪದರ ಬಿರುಸಾಗಿ ಬಿರುಕು ಬಿಡುತ್ತದೆ. ತೀರ ಕಡಿಮೆಯಾದರೆ ಒಣ ಎಳೆ ಉಳಿದು ನೀರು ಹೀರುತ್ತದೆ. ರೋವಿಂಗ್ ಮೇಲೆ ನೇರ ರೋವಿಂಗ್ ಹಾಕಿದರೆ ಪದರಗಳು ಬೇಗ ಬಿಡುತ್ತವೆ, ನಡುವೆ ಮ್ಯಾಟ್ ಇರಲೇಬೇಕು. ನೀರಿನ ಮಟ್ಟದ ಕೆಳಗೆ ನೀರನ್ನು ಹೆಚ್ಚು ತಾಳುವ ಐಸೋಫ್ತಾಲಿಕ್ ರೆಸಿನ್ ಕೇಳಿ. ಅಗ್ಗದ ಆರ್ಥೋಫ್ತಾಲಿಕ್ ಮೇಲುಭಾಗಕ್ಕೆ ಸಾಕು, ಕೆಳಗೆ ಹಾಕಿದರೆ ಕಾಲಕ್ರಮೇಣ ಗುಳ್ಳೆ ಏಳುವ ಸಂಭವ ಹೆಚ್ಚು. ಅಂಥ ಗುಳ್ಳೆ ಒಡೆದರೆ ಹುಳಿ ವಾಸನೆಯ ನೀರು ಬರುವುದನ್ನು ಬಂದರಿನಲ್ಲಿ ಓಡಾಡುವವರು ನೋಡಿಯೇ ಇರುತ್ತಾರೆ.

ರೆಸಿನ್ ಗಟ್ಟಿಯಾಗಲು ಬೆರೆಸುವ, ಹಾರ್ಡ್ನರ್ ಎಂದು ಕರೆಯುವ ಎಂಇಕೆಪಿಯನ್ನು ಡಬ್ಬಿಯ ಮುಚ್ಚಳದಲ್ಲಿ ಅಳೆಯುವ ಪದ್ಧತಿ ನಿಲ್ಲಬೇಕು. ಒಂದು ಕೆಜಿ ರೆಸಿನ್ನಿಗೆ 10ರಿಂದ 20 ಗ್ರಾಂ, ಅದರಾಚೆ ಇಲ್ಲ. ಮಳೆಯ ತಂಪಿಗೆ ಗಟ್ಟಿಯಾಗುತ್ತಿಲ್ಲ ಎಂದು ಇನ್ನೊಂದು ಮುಚ್ಚಳ ಸುರಿದರೆ ರೆಸಿನ್ ಬಕೆಟಿನಲ್ಲೇ ಕಾದು ಹೊಗೆಯಾಡುತ್ತದೆ. ಬೋಟಿನ ಮೇಲಾದರೆ ಕುಗ್ಗಿ ಬಿರುಕು ಬಿಡುತ್ತದೆ. 10 ಗ್ರಾಮಿಗಿಂತ ಕಡಿಮೆಯಾದರೆ ಪೂರ್ತಿ ಬಲ ಮುಂದೆಂದೂ ಬರುವುದಿಲ್ಲ. ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟನ್ನು ಮೊದಲು ರೆಸಿನ್ನಿಗೆ ಹಾಕಿ ಪೂರ್ತಿ ಕಲಸಿದ ಮೇಲಷ್ಟೇ ಹಾರ್ಡ್ನರ್ ಹಾಕಬೇಕು. ಈ ಎರಡನ್ನೂ ನೇರವಾಗಿ ಬೆರೆಸಿದರೆ ಸಿಡಿಯುತ್ತದೆ. ಎರಡೂ ಬಾಟಲಿ ಒಂದೇ ಪೆಟ್ಟಿಗೆಯಲ್ಲಿ ಇರುವುದು ನಮ್ಮಲ್ಲಿ ಮಾಮೂಲು, ಇದು ಅಪಾಯಕ್ಕೆ ಆಹ್ವಾನ. ಹಾರ್ಡ್ನರ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ತಕ್ಷಣ ಕನಿಷ್ಠ ಕಾಲು ಗಂಟೆ ಶುದ್ಧ ನೀರಿನಲ್ಲಿ ತೊಳೆಯುತ್ತಲೇ ಇದ್ದು ಆಮೇಲೆ ಆಸ್ಪತ್ರೆಗೆ ಓಡಬೇಕು. ಮೂಗಿಗೆ ಕಟ್ಟುವ ಬಟ್ಟೆಯಾಗಲಿ ಧೂಳಿನ ಮಾಸ್ಕ್ ಆಗಲಿ ಸ್ಟೈರೀನ್ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಇದ್ದಿಲಿನ ಫಿಲ್ಟರ್ ಇರುವ ಮಾಸ್ಕೇ ಆಗಬೇಕು.

ಕೊನೆಯ ಕೋಟಿಗೆ ಮೇಣದ ದ್ರಾವಣ ಬೆರೆಸದಿದ್ದರೆ ಗಾಳಿ ತಾಗುವ ಮೇಲ್ಮೈ ಅಂಟಾಗಿಯೇ ಉಳಿಯುತ್ತದೆ. ಬೆರೆಸಿದ ಮೇಲೆ ಇನ್ನೊಂದು ಪದರ ಹಾಕುವ ಮನಸ್ಸಾದರೆ ಆ ಮೇಣವನ್ನು ಪೂರ್ತಿ ಉಜ್ಜಿ ತೆಗೆಯದೆ ಹಾಕಬೇಡಿ. ಕೆಲಸ ಒಪ್ಪಿಕೊಳ್ಳುವಾಗ ಮಾಲೀಕರು ಒಂದು ನಾಣ್ಯ ಹಿಡಿದು ಬೋಟಿನ ಮೈಯನ್ನು ಅಂಗೈ ಅಗಲಕ್ಕೊಂದರಂತೆ ತಟ್ಟುತ್ತ ಹೋಗಲಿ. ಟಣ್ ಎನ್ನುವ ಕಡೆ ಹಿಡಿದಿದೆ, ಡಬ್ ಎನ್ನುವ ಕಡೆ ಒಳಗೆ ಪೊಳ್ಳು. ಪೊಳ್ಳು ಸಿಕ್ಕಲ್ಲಿ ಮೇಲೆ ಪಟ್ಟಿ ಅಂಟಿಸಲು ಬಿಡಬೇಡಿ. ಅಷ್ಟು ಭಾಗ ಕಿತ್ತು, ದಪ್ಪದ 12 ಪಟ್ಟು ಅಗಲಕ್ಕೆ ಅಂಚನ್ನು ಇಳಿಜಾರಾಗಿ ಉಜ್ಜಿ ಹೊಸದಾಗಿ ಹಾಕಿಸಬೇಕು. ಮೂರು ಮಿಲಿಮೀಟರ್ ದಪ್ಪಕ್ಕೆ ಅದು 3.6 ಸೆಂಟಿಮೀಟರ್ ಆಗುತ್ತದೆ.

ಇಷ್ಟೆಲ್ಲ ಪಾಲಿಸಿ ಎಂದು ಬರಿ ಮಾತಿನಲ್ಲಿ ಹೇಳಿದರೆ ಕೆಲಸಗಾರ ನಗುತ್ತಾನೆ, ಅವನು ನಗುವುದು ಸರಿಯೇ. ಮಳೆ ಸುರಿಯುವ ಬಯಲಲ್ಲಿ ಅವನೇನು ಮಾಡಿಯಾನು? ಮೀನುಗಾರಿಕೆ ಇಲಾಖೆಗೂ ಬಂದರು ಇಲಾಖೆಗೂ ನಮ್ಮ ಬೇಡಿಕೆ ಇಷ್ಟೇ: ಬೈತಕೋಲ, ತದಡಿ, ಹೊನ್ನಾವರದ ಕಾಸರಕೋಡ, ಭಟ್ಕಳ ಈ ನಾಲ್ಕು ಕಡೆ ಒಂದೊಂದು ಫೈಬರ್ ಶೆಡ್ ಬೇಕು. ನೆಲ ಕಾಂಕ್ರೀಟಿನದಾಗಿರಲಿ, ಸುತ್ತಲಿನ ನೆಲಕ್ಕಿಂತ ಎತ್ತರ ಇರಲಿ. ಗಟ್ಟಿ ಮಾಡು, ಇಳಿಬಿಡುವ ಪರದೆ, ತ್ರೀ ಫೇಸ್ ಕರೆಂಟು ಬೇಕು. ಸ್ಟೈರೀನ್ ಆವಿ ಗಾಳಿಗಿಂತ ಭಾರ, ಆದ್ದರಿಂದ ಹೊರದೂಡುವ ಫ್ಯಾನು ನೆಲದ ಹತ್ತಿರ ಇರಬೇಕು. ಮಾಡಿನ ಹತ್ತಿರ ಇಟ್ಟರೆ ಪ್ರಯೋಜನವಿಲ್ಲ. ಹಾರ್ಡ್ನರಿಗೂ ಕೋಬಾಲ್ಟಿಗೂ ಬೇರೆ ಬೇರೆ ಬೀಗದ ಕೋಣೆ, ಮ್ಯಾಟ್ ಸುರುಳಿ ಇಡಲು ಒಣ ಕೋಣೆ ಇರಲಿ. ಉಜ್ಜಿದ ಧೂಳು, ಕತ್ತರಿಸಿದ ಚೂರು ಹಾಕಲು ತೊಟ್ಟಿಯೂ ಬೇಕು. ಈಗ ಅದೆಲ್ಲ ಹೋಗುವುದು ಶರಾವತಿ, ಅಘನಾಶಿನಿ ಅಳಿವೆಗೆ. ಗಾಜು ಕೊಳೆಯುವುದಿಲ್ಲ. ಎಲ್ಲ ಬೋಟುಗಳಿಗೂ ಒಂದೇ ಸಲ ಜಾಗ ಸಿಗದು ನಿಜ. ಸರತಿಯಲ್ಲಿ ಹತ್ತು ದಿನಕ್ಕೊಂದು ಬೋಟಾದರೂ ಸರಿ, ಕೆಳಭಾಗದ ಕೆಲಸ ಒಳಗೆ ಆಗಲಿ. ಮೇಲುಭಾಗದ ಚಿಕ್ಕಪುಟ್ಟ ಕೆಲಸಕ್ಕೆ ಅಕ್ಟೋಬರ್‌ವರೆಗೆ ಕಾಯಬಹುದು.

ಶೆಡ್ ಬರುವವರೆಗೆ ಮಾಲೀಕರ ಕೈಯಲ್ಲೇ ಇರುವುದೂ ಒಂದಿದೆ. ದೊಡ್ಡ ಕೆಲಸವಿದ್ದ ಬೋಟನ್ನು ಜೂನ್ 1ಕ್ಕೆ ಕಾಯದೆ ಮೇ ಆರಂಭದಲ್ಲೇ ಮೇಲೆಳೆಯಿರಿ. ಸುಮಾರು ನಾಲ್ಕು ವಾರದ ಮೀನು ಕೈಬಿಡುತ್ತದೆ, ಆದರೆ ಹಲಗೆ ಬಿಸಿಲಲ್ಲಿ ಒಣಗುತ್ತದೆ. ಫೈಬರ್ ಪೂರ್ತಿ ಗಟ್ಟಿಯಾಗಲು ಕನಿಷ್ಠ ಏಳು ದಿನ ಬೇಕು, ಆರ್ದ್ರತೆಯಲ್ಲಿ ಇನ್ನೂ ಹೆಚ್ಚು. ಜುಲೈ 29ಕ್ಕೆ ಕೊನೆಯ ಕೋಟ್ ಹೊಡೆದು ಆಗಸ್ಟ್ 1ಕ್ಕೆ ನೀರಿಗಿಳಿಸುವ ಅವಸರ ಬೇಡ. ಕೊನೆಯ ಪದರ ಜುಲೈ 20ರೊಳಗೆ ಮುಗಿಯುವಂತೆ ಈಗಲೇ ಕೆಲಸಗಾರರೊಂದಿಗೆ ದಿನ ಗೊತ್ತು ಮಾಡಿಕೊಳ್ಳಿ.

– ಫೈಬರ್ ಬೋಟ್ ಕೆಲಸಗಾರರು, ಕಾಸರಕೋಡ, ಹೊನ್ನಾವರ ತಾಲ್ಲೂಕು