ಬಲ್ಬ್ ಹತ್ತಿದಾಗ ಹ್ಯಾಂಡಲ್ ಯಾಕೆ ಭಾರ ಆಯ್ತು: ಮಗಳಿಗೊಂದು ಪತ್ರ

ಮಗಾ,

ಭಾನುವಾರ ಬೆಂಗಳೂರಿನ ಮ್ಯೂಸಿಯಮ್ಮಲ್ಲಿ ನೀನು ಒಂದು ಪ್ರಶ್ನೆ ಕೇಳ್ದೆ ನೋಡು, ಅದಕ್ಕೆ ಅಲ್ಲಿ ಸಮಾಧಾನವಾಗಿ ಉತ್ತರ ಹೇಳೋಕಾಗ್ಲಿಲ್ಲ, ಹಿಂದೆ ಬೇರೆ ಮಕ್ಕಳು ಸಾಲಾಗಿ ನಿಂತಿದ್ರು, ನಿನ್ನ ತಮ್ಮ ಉಚ್ಚೆ ಬಂತು ಅಂತ ನನ್ನ ಪ್ಯಾಂಟ್ ಎಳೀತಿದ್ದ. ಸರಿ, ವಾಪಸ್ ಬರುವಾಗ ಟ್ರೇನಲ್ಲಿ ಹೇಳಾಣ ಅಂದ್ರೆ ಕೆಂಗೇರಿ ದಾಟೋಷ್ಟ್ರಲ್ಲಿ ಅಮ್ಮನ ತೊಡೆ ಮೇಲೆ ಮಲಗ್ಬುಟ್ಟೆ. ಅದಕ್ಕೆ ಬರೀತಾ ಇದೀನಿ. ಈಗ ಓದಿದ್ರೆ ಒಂದಷ್ಟು ಅರ್ಥ ಆಗ್ತದೆ, ಉಳಿದಿದ್ದು ಹೈಸ್ಕೂಲಿಗೆ ಹೋದಾಗ ಆಗ್ತದೆ, ಕಾಗದ ಎತ್ತಿಟ್ಕೊಂಡಿರು.

ಅವತ್ತು ನೋಡಿದ್ದೆಲ್ಲ ನಿನಗೆ ಗೊತ್ತೇ ಇದೆ. ಬಾಗಿಲಲ್ಲೇ ಆ ಡೈನೋಸಾರ್ ತಲೆ ಆಡಿಸಿದ್ದಕ್ಕೆ ನಿನ್ನ ತಮ್ಮ ಅಮ್ಮನ ಸೀರೆ ಒಳಗೆ ಸೇರ್ಕೊಂಡ, ಆಮೇಲೆ ಎಂಜಿನ್ ಹಾಲಲ್ಲಿ ಚೆಂಡುಗಳು ಕಂಬಿ ಮೇಲೆ ಉರುಳ್ಕೊಂಡು ಹೋಗೋದಿತ್ತಲ್ಲ, ಅದರ ಮುಂದೆ ನಿಂತೋನು ಅಲ್ಲಾಡ್ಲೇ ಇಲ್ಲ. ರೈಟ್ ಅಣ್ಣತಮ್ಮಂದಿರ ವಿಮಾನದ ಮಾಡೆಲ್ ನೋಡಿದ್ವಿ, 1903ರಲ್ಲಿ ಅದು ಮೊದಲ ಸಲ ಹಾರಿದ್ದು ಬರೀ 12 ಸೆಕೆಂಡ್ ಅಂದಾಗ ನೀನು ಅಷ್ಟೇನಾ ಅಂದೆ.

ನನಗೆ ಮುಖ್ಯ ಅನ್ಸಿದ್ದು ಕರೆಂಟಿನ ಗ್ಯಾಲರಿ. ಕೈಯಲ್ಲಿ ತಿರುಗ್ಸೋ ಜನರೇಟರ್, ಪಕ್ಕದಲ್ಲಿ ಒಂದು ಸ್ವಿಚ್ಚು, ಮೇಲೊಂದು ಬಲ್ಬು. ಬೇರೆ ಮಕ್ಕಳು ಬಂದು ಗರಗರ ತಿರುಗಿಸಿ ಲೈಟ್ ಬಂತು ಅಂತ ಕೂಗಿ ಮುಂದಕ್ಕೆ ಓಡ್ತಿದ್ರು, ನೀನು ಮಾತ್ರ ಅಲ್ಲೇ ನಿಂತೆ. ಸ್ವಿಚ್ ಆಫ್ ಮಾಡಿ ತಿರುಗಿಸ್ದೆ, ಆನ್ ಮಾಡಿ ತಿರುಗಿಸ್ದೆ, ಮತ್ತೆ ಆಫ್ ಮಾಡ್ದೆ. ಎರಡೂ ಕೈ ಹಾಕಿ ಹಲ್ಲು ಕಚ್ಕೊಂಡು ತಿರುಗಿಸಿ, "ಅಪ್ಪಾ, ಲೈಟ್ ಹತ್ಕೊಂಡಾಗ ಇದು ಭಾರ ಆಯ್ತದೆ, ಯಾಕೆ?" ಅಂದೆ.

ಮಗಾ, ನಾನು ಇಷ್ಟು ವರ್ಷದಿಂದ ಮೋಟರ್ ರಿವೈಂಡಿಂಗ್ ಮಾಡ್ತಾ ಇದೀನಿ, ಅಂಗಡೀಲಿ ಕೆಲಸ ಕಲಿಯೋಕೆ ಬಂದ ಹುಡುಗರು ಒಬ್ಬರೂ ಈ ಪ್ರಶ್ನೆ ಕೇಳಿಲ್ಲ. ಅಲ್ಲಿ ಬೋರ್ಡಲ್ಲಿ ಏನಾದ್ರೂ ಬರ್ದಿದ್ರೂ ನೀನು ಓದಿರ್ಲಿಲ್ಲ, ನಿನ್ನ ಕೈಯೇ ನಿನಗೆ ಹೇಳ್ತು. ನನಗೆ ಅವತ್ತು ಎಷ್ಟು ಖುಷಿ ಆಯ್ತು ಅಂದ್ರೆ ಊಟ ಮಾಡುವಾಗ ನಿಮ್ಮಮ್ಮನಿಗೆ ಅದನ್ನೇ ಹೇಳಿದ್ದು ಹೇಳಿದ್ದೇ.

ಈಗ ಉತ್ತರ ಕೇಳು. ಆ ಡಬ್ಬದೊಳಗೆ ಆಯಸ್ಕಾಂತ ಇರ್ತದೆ, ತಾಮ್ರದ ತಂತಿ ಸುತ್ತಿರೋ ಕಾಯಿಲ್ ಇರ್ತದೆ, ನಮ್ಮ ಅಂಗಡೀಲಿ ನಾನು ಸುತ್ತೋ ಅಂಥದ್ದೇ. ಆಯಸ್ಕಾಂತದ ಮುಂದೆ ಕಾಯಿಲ್ ತಿರುಗಿದ್ರೆ ಅದರಲ್ಲಿ ವೋಲ್ಟೇಜ್ ಹುಟ್ತದೆ. ಸ್ವಿಚ್ ಆಫ್ ಇದ್ರೆ ದಾರಿ ಕಟ್ ಆಗಿರ್ತದೆ, ಕರೆಂಟ್ ಹರಿಯೋದಿಲ್ಲ, ಹ್ಯಾಂಡಲ್ ಹಗುರವಾಗಿ ತಿರುಗ್ತದೆ. ಸ್ವಿಚ್ ಹಾಕಿದ್ ತಕ್ಷಣ ಕಾಯಿಲಲ್ಲಿ ಕರೆಂಟ್ ಹರೀತದೆ, ಕರೆಂಟ್ ಹರಿದ ಕಾಯಿಲ್ ತಾನೇ ಒಂದು ಆಯಸ್ಕಾಂತ ಆಗ್ಬಿಡ್ತದೆ, ಆ ಹೊಸ ಆಯಸ್ಕಾಂತ ನೀನು ತಿರುಗ್ಸೋ ದಿಕ್ಕಿಗೆ ಎದುರಾಗಿ ತಳ್ಳುತ್ತೆ. ನಿನ್ನ ಕೈಗೆ ಸಿಕ್ಕಿದ್ದು ಆ ತಳ್ಳಾಟ ಕಣವ್ವ. ಅದನ್ನ ಮೀರಿ ನೀನು ಹಾಕಿದ ಶಕ್ತೀನೇ ಬಲ್ಬಲ್ಲಿ ಬೆಳಕಾಗಿದ್ದು, ಒಂದಷ್ಟು ಬಿಸಿಯಾಗಿ ಹೋಗಿದ್ದು. ಬೆಳಕು ಪುಕ್ಕಟೆ ಬರೋದಿಲ್ಲ.

ತಾತನ ಸೈಕಲ್ಲಿಗೆ ದೀಪ ಹತ್ತಿಸೋ ಡೈನಮೋ, ಅಂದ್ರೆ ಪುಟ್ಟ ಜನರೇಟರ್, ಇತ್ತು, ರಾತ್ರಿ ಅದನ್ನ ಟೈರಿಗೆ ಒತ್ತಿದ್ರೆ ಪೆಡಲ್ ಭಾರ ಆಗೋದು. ಟೈರಿಗೆ ಉಜ್ಜೋದೂ ಸ್ವಲ್ಪ ಕಾರಣ, ಆದ್ರೂ ವಿಷಯ ಇದೇ. ಮೋಟರಲ್ಲಿ ಇದೇ ಆಟ ಉಲ್ಟಾ, ಕರೆಂಟ್ ಕೊಡ್ತೀವಿ, ಅದು ತಿರುಗ್ತದೆ, ಲೋಡ್ ಜಾಸ್ತಿ ಆದಷ್ಟೂ ಜಾಸ್ತಿ ಕರೆಂಟ್ ಎಳೀತದೆ. ಪಂಪ್ ಒಳಗೆ ಮರಳು ಸಿಕ್ಕಾಕ್ಕೊಂಡು ಜಾಮ್ ಆದ್ರೆ, ಇಲ್ಲ ವೋಲ್ಟೇಜ್ ಕಮ್ಮಿ ಇದ್ದಾಗ ಓಡಿಸಿದ್ರೆ, ತಡೆಯೋಕಾಗ್ದಷ್ಟು ಕರೆಂಟ್ ಎಳ್ಕೊಂಡು ಕಾಯಿಲ್ ಸುಟ್ಟೋಗ್ತದೆ. ನಾನು ಸಂಜೆ ಮನೆಗೆ ಬಂದಾಗ ಅಂಗಿ ವಾಸ್ನೆ ಅಂತೀಯಲ್ಲ, ಅದು ಕಾಯಿಲಿಗೆ ಬಳಿದ ವಾರ್ನಿಶ್ ಸುಟ್ಟ ವಾಸ್ನೆ.

ಇನ್ನೂ ದೊಡ್ಡದೊಂದು ಹೇಳ್ತೀನಿ. ನಮ್ಮ ಮಂಡ್ಯ ಜಿಲ್ಲೇದೇ ಶಿವನಸಮುದ್ರ, ನಮ್ಮೋರು ಬ್ಲಫ್ ಅಂತಾರಲ್ಲ, ಅಲ್ಲಿನ ಕರೆಂಟ್ ಸ್ಟೇಷನ್ನಲ್ಲಿ ಹ್ಯಾಂಡಲ್ ತಿರುಗ್ಸೋಳು ಕಾವೇರಿ. 1902ರಲ್ಲಿ ಅಲ್ಲಿಂದ ಕೆಜಿಎಫ್ ಚಿನ್ನದ ಗಣೀವರ್ಗೂ ಹೆಚ್ಚುಕಮ್ಮಿ 147 ಕಿಲೋಮೀಟರ್ ತಂತಿ ಎಳೆದು ಕರೆಂಟ್ ಕೊಟ್ರು, ಬೆಂಗಳೂರಿನ ಬೀದಿ ದೀಪ ಹತ್ತಿದ್ದು 1905ರಲ್ಲಿ, ಅದೂ ಈ ನೀರಿನಿಂದಾನೇ. ಆ ಕಡೆ ಲೈಟು ಮಿಷಿನ್ನು ಆನ್ ಆದಷ್ಟೂ ಈ ಕಡೆ ಜನರೇಟರ್ ಭಾರ ಆಗ್ತದೆ, ನಿನ್ನ ಕೈಗೆ ಆದಂಗೇ. ಆಗ ಇನ್ನಷ್ಟು ನೀರು ಬಿಡ್ಬೇಕು, ಇಲ್ದಿದ್ರೆ ಸ್ಪೀಡ್ ಬಿದ್ದೋಗ್ತದೆ. ಬೇಸಿಗೇಲಿ ಹೊಳೆ ಬತ್ತಿದ್ರೆ ಏನ್ ಮಾಡೋದು? ಕನ್ನಂಬಾಡಿ ಕಟ್ಟೆ, ಅದೇ ಕೆಆರ್‌ಎಸ್, ಕಟ್ಟೋಕೆ 1911ರಲ್ಲಿ ಕೈ ಹಾಕಿದ್ದಕ್ಕೆ ನಮ್ಮ ಗದ್ದೆ ನೀರು ಒಂದು ಕಾರಣ ಆದ್ರೆ ಶಿವನಸಮುದ್ರಕ್ಕೆ ವರ್ಷವಿಡೀ ನೀರು ಸಿಗ್ಲಿ ಅನ್ನೋದು ಇನ್ನೊಂದು. ಆಗ ಚೀಫ್ ಎಂಜಿನಿಯರ್ ಆಗಿದ್ದೋರು ವಿಶ್ವೇಶ್ವರಯ್ಯನೋರು, ಮ್ಯೂಸಿಯಮ್ಮಿಗೆ ಇರೋ ಹೆಸರೂ ಅವರದ್ದೇ. ಕಟ್ಟೆ 124 ಅಡಿ ಮುಟ್ತು ಅಂತ ಟೀವೀಲಿ ಬಂದಾಗ ನಮ್ಮೂರೋರೆಲ್ಲ ಬೆಳೆ ಲೆಕ್ಕ ಹಾಕ್ತಾರೆ, ನೀನು ಇನ್ಮೇಲೆ ಈ ಹ್ಯಾಂಡಲ್ ಲೆಕ್ಕಾನೂ ಹಾಕು.

ಕಾಯಿಲಿಂದ ಕರೆಂಟ್ ಹುಟ್ತದೆ ಅಂತ 1831ರಲ್ಲಿ ತೋರಿಸಿದೋನು ಇಂಗ್ಲೆಂಡಿನ ಫ್ಯಾರಡೆ. ಕಮ್ಮಾರನ ಮಗ, ಚಿಕ್ಕ ವಯಸ್ಸಲ್ಲಿ ಬುಕ್ ಬೈಂಡಿಂಗ್ ಅಂಗಡಿಗೆ ಕೆಲಸಕ್ಕೆ ಸೇರಿ, ಬೈಂಡಿಂಗಿಗೆ ಬಂದ ಪುಸ್ತಕಾನೇ ಓದ್ಕೊಂಡು ಬೆಳೆದೋನು. ಆ ಎದುರಾಗಿ ತಳ್ಳೋ ನಿಯಮ ಹೇಳಿದೋನು ಲೆಂಜ್, ಅದು 1834ರಲ್ಲಿ. ಹತ್ತನೇ ಕ್ಲಾಸು ಪಿಯುಸಿಗೆ ಬಂದಾಗ ಈ ಹೆಸರು ಸಿಗ್ತವೆ, ಆಗ ನಿಯಮ ಬಾಯಿಪಾಠ ಮಾಡು ಅಂತಾರೆ, ಮಾಡು, ಮಾರ್ಕ್ಸ್ ಬೇಕಲ್ಲ. ಆದ್ರೆ ನಿನ್ನ ಕೈಗೆ ಅದು ಮೊದಲೇ ಸಿಕ್ಕಿದೆ ಅನ್ನೋದು ಜ್ಞಾಪಕ ಇಟ್ಕೋ, ಯಾಕೆ ಅಂತ ಕೇಳೋದು ಮಾತ್ರ ಯಾರು ಬೈದ್ರೂ ಬಿಡ್ಬೇಡ.

ಅಂಗಡೀಲಿ ಹಳೇ ಟೇಪ್ ರೆಕಾರ್ಡರಿಂದ ಬಿಚ್ಚಿದ ಪುಟ್ಟ ಮೋಟರ್ ಎತ್ತಿಟ್ಟಿದೀನಿ. ಅದರ ಎರಡು ವೈರ್ ಬಿಡಿಬಿಡಿಯಾಗಿದ್ದಾಗ ಶಾಫ್ಟ್ ಬೆರಳಲ್ಲಿ ತಿರುಗಿಸಿ ನೋಡು, ಆಮೇಲೆ ಎರಡೂ ವೈರ್ ಸೇರಿಸಿ ಹೊಸೆದು ತಿರುಗಿಸು, ಏನು ಗೊತ್ತಾಯ್ತು ಅಂತ ನೀನೇ ನನಗೆ ಹೇಳ್ಬೇಕು. ಶನಿವಾರ ಮಧ್ಯಾಹ್ನ ಸ್ಕೂಲಿಂದ ಸೀದಾ ಅಂಗಡಿಗೆ ಬಾ, ತಮ್ಮನ್ನೂ ಕರ್ಕೊಂಡು ಬಾ, ಅವನಿಗೆ ಒಂದು ಬೇರಿಂಗ್ ಕೊಟ್ಟು ಕೂರ್ಸಾಣ.

ನಿಮ್ಮಪ್ಪ