ಬಣ್ಣದ ಡಬ್ಬಿಗೊಂದು ಜಾಗ ತೋರಿಸಿ

ಮಾನ್ಯರೇ,

ನಮ್ಮ ಅತ್ತೆಯವರಿಗೆ ಮದುವೆಯಲ್ಲಿ ತವರಿನಿಂದ ಬಂದಿದ್ದ ತೇಗದ ಡ್ರೆಸ್ಸಿಂಗ್ ಟೇಬಲ್ಲನ್ನು ಕಳೆದ ಬೇಸಿಗೆಯಲ್ಲಿ ಮನೆಯಲ್ಲೇ ದುರಸ್ತಿ ಮಾಡಿ ಹೊಸ ಬಣ್ಣ ಹೊಡೆದೆ. ಅದನ್ನು ಗುಜರಿಗೆ ಹಾಕುವ ಯೋಚನೆ ಮನೆಯಲ್ಲಿ ಇತ್ತು. ಆದರೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಲ್ಲಿ ವಿಚಾರಿಸಲು ಹೋದಾಗ, ಇಂಥ ಮರವನ್ನು ಕೊಟ್ಟು ಪಾರ್ಟಿಕಲ್ ಬೋರ್ಡಿನದನ್ನು ತರುತ್ತೀರಾ ಎಂದು ಬಡಗಿಯೊಬ್ಬರು ಗದರಿಸಿದಂತೆಯೇ ಕೇಳಿದ್ದರಿಂದ ಮನಸ್ಸು ಬದಲಾಯಿತು. ಮಳೆಗಾಲ ಬಂತೆಂದರೆ ಉಬ್ಬಿ ಬಿಗಿದುಕೊಳ್ಳುತ್ತಿದ್ದ ನಡುವಿನ ಡ್ರಾಯರಿನ ಅಂಚನ್ನು ತುಸು ಕೀಸಿ, ಅದು ಜಾರುವ ಪಟ್ಟಿಗೆ ಮೇಣದ ಬತ್ತಿ ಉಜ್ಜಿದ ಮೇಲೆ ಈ ಮಳೆಯಲ್ಲೂ ಅದು ಒಂದೇ ಕೈಗೆ ತೆರೆದುಕೊಳ್ಳುತ್ತಿದೆ. ಡ್ರಾಯರಿನ ಮೂಲೆಗಳಲ್ಲಿ ಒಂದೇ ಒಂದು ಮೊಳೆಯಿಲ್ಲ. ಎಲ್ಲವೂ ಹಲ್ಲಿನೊಳಗೆ ಹಲ್ಲು ಕೂಡಿಸಿದ ಕೆಲಸ. ಹಿತ್ತಾಳೆಯ ಹಿಡಿಗಳಿಗೆ ಹುಣಸೆಹಣ್ಣೇ ಸಾಕಾಯಿತು. ಕನ್ನಡಿಯ ರಸ ಮಾತ್ರ ಹೋಗಿತ್ತು, ಹೊಸದು ಹಾಕಿಸಿದೆ.

ನಾನು ಬರೆಯಹೊರಟಿದ್ದು ಬಣ್ಣದ ವಿಚಾರ. ತೇಗಕ್ಕೆ ಬಣ್ಣ ಬಳಿಯುವ ಮನಸ್ಸು ಯಾರಿಗೆ ಬಂತೋ ತಿಳಿಯದು, ಬಿಳಿ ಎನಾಮೆಲ್ ಕೆರೆದರೆ ಕೆಳಗೆ ಹಳದಿ, ಅದರ ಕೆಳಗೆ ಹಸಿರು ಕಾಣಿಸಿತು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ ಮೀರಬಾರದೆಂಬ ಕೇಂದ್ರದ ನಿಯಮ ಪ್ರಕಟವಾದದ್ದೇ 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣಗಳಲ್ಲಿ, ಮುಖ್ಯವಾಗಿ ಸೀಸದ ಕ್ರೋಮೇಟಿನಿಂದ ಮೆರುಗು ಪಡೆಯುತ್ತಿದ್ದ ಹಳದಿ, ಕೆಂಪುಗಳಲ್ಲಿ ಅದು ಎಷ್ಟಿದೆಯೆಂದು ಕಣ್ಣಿಗೆ ತಿಳಿಯುವುದಿಲ್ಲ. ಒಣ ಉಪ್ಪುಕಾಗದದಲ್ಲಿ ಉಜ್ಜಿದರೆ ಆ ಪುಡಿ ನೆಲದ ಮೇಲೆ ಕೂರುತ್ತದೆ. ನೆಲದ ಮೇಲೆ ಅಂಬೆಗಾಲಿಡುವ ಮಗು ಅದೇ ಕೈಯನ್ನು ಬಾಯಿಗೆ ಹಾಕುತ್ತದೆ. ಮಕ್ಕಳ ಮಿದುಳಿಗೆ ಸೀಸ ಮಾಡುವ ಹಾನಿಯ ಬಗ್ಗೆ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ವರ್ಷಗಟ್ಟಲೆ ಎಚ್ಚರಿಸುತ್ತಾ ಬಂದದ್ದು ಇದೇ ಊರಿನಿಂದ. ಹೀಗಾಗಿ ನಾನು ಗಟ್ಟಿಯಾಗಿ ಕಚ್ಚಿಕೊಂಡಿದ್ದ ಬಣ್ಣದ ತಂಟೆಗೆ ಹೋಗದೆ, ಚಕ್ಕೆ ಎದ್ದ ಕಡೆ ಮಾತ್ರ ನೀರು ಚಿಮುಕಿಸಿ ವಾಟರ್ ಪೇಪರಿನಲ್ಲಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಪ್ರೈಮರ್ ಹಾಕಿ, ಮೇಲೆ ಎರಡು ಕೈ ಎನಾಮೆಲ್ ಬಳಿದೆ. ಮರದ ನಾರು ಕಾಣುವ ಪಾಲಿಶ್ ಮಾಡಿಸುವ ಆಸೆ ಕೈಬಿಡಬೇಕಾಯಿತು. ಆ ಬೇಸರ ಇನ್ನೂ ಇದೆ.

ಕೆಲಸ ಮುಗಿದ ಮೇಲೆ ಉಳಿದದ್ದು ಒಂದು ಡಬ್ಬಿ ತುಂಬ ಹಳೆಯ ಬಣ್ಣದ ಕೆಸರು, ಟರ್ಪೆಂಟೈನ್ ನೆಂದ ಬಟ್ಟೆಗಳು ಮತ್ತು ಅರ್ಧ ಲೀಟರ್ ಪ್ರೈಮರ್. ಕಸದ ಆಟೊದವರು, "ಇದೆಲ್ಲ ತಗೊಳ್ಳಲ್ಲ ಅಮ್ಮ, ನಮಗೂ ಎಲ್ಲಿ ಹಾಕ್ಬೇಕೂಂತ ಗೊತ್ತಿಲ್ಲ" ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ರಾತ್ರಿ ಹೊತ್ತು ಖಾಲಿ ಸೈಟಿಗೆ ಎಸೆದು ಬನ್ನಿ ಎಂಬ ಸಲಹೆಯೂ ನೆರೆಯಿಂದ ಬಂತು.

ಮನೆಗಳಲ್ಲಿ ಹುಟ್ಟುವ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮೊದಲು ಹೆಸರಿಸಿದ್ದೇ ಬಣ್ಣದ ಡಬ್ಬಿಯನ್ನು. ಇಂಥ ತ್ಯಾಜ್ಯ ಪಡೆಯಲು ಪ್ರತಿ 20 ಚದರ ಕಿಲೋಮೀಟರಿಗೆ ಒಂದು ಕೇಂದ್ರ ತೆರೆದು, ಅದರ ಸಮಯವನ್ನು ಜನರಿಗೆ ತಿಳಿಸಬೇಕೆಂದೂ ಅವು ಸ್ಥಳೀಯ ಸಂಸ್ಥೆಗಳಿಗೆ ವಿಧಿಸಿದ್ದವು. 700 ಚದರ ಕಿಲೋಮೀಟರಿಗೂ ಮಿಕ್ಕಿದ ಬೆಂಗಳೂರಿಗೆ ಆ ಲೆಕ್ಕದಲ್ಲಿ 35ಕ್ಕೂ ಹೆಚ್ಚು ಕೇಂದ್ರಗಳಿರಬೇಕು. ನಮ್ಮ ಬೀದಿಯಲ್ಲಿ ನಾನು ಕೇಳಿದ ಯಾರಿಗೂ ಒಂದರ ವಿಳಾಸವೂ ಗೊತ್ತಿರಲಿಲ್ಲ. ಸಂಬಂಧಪಟ್ಟವರು ಪ್ರತಿ ವಾರ್ಡಿನ ಜನರು ಹೋಗಬೇಕಾದ ಕೇಂದ್ರದ ವಿಳಾಸ ಮತ್ತು ಸಮಯವನ್ನು ಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಕಸದ ಆಟೊಗಳ ಮೇಲೂ ಬರೆಸಬೇಕು. ನಮ್ಮ ಡಬ್ಬಿ ಸದ್ಯಕ್ಕೆ ಬಿಗಿಯಾಗಿ ಮುಚ್ಚಿ ಮಹಡಿ ಮೆಟ್ಟಿಲ ಕೆಳಗಿದೆ.

ಓದುಗರೊಬ್ಬರು,
ಬಸವನಗುಡಿ, ಬೆಂಗಳೂರು