ಹನ್ನೊಂದು ನಿಮಿಷ ತಡವಾಗಿ

ಮ್ಯಾರಥಾನಿನ ಹಿಂದಿನ ರಾತ್ರಿಯೇ ಒಂದು ಧನ್ಯವಾದದ ಬರಹ ಬರೆದು ಮೊಬೈಲಿನಲ್ಲಿ ಇಟ್ಟಿದ್ದೆ. ನಾಲ್ಕೂವರೆ ಗಂಟೆಯೊಳಗೆ ಓಡಿ ಮುಗಿಸಿದ ಹೆಂಗಸಿನ ಬರಹ ಅದು. ಶೂವಿಗೆ, ತರಬೇತಿಯ ಚಾರ್ಟಿಗೆ, ನನ್ನದೇ ಶಿಸ್ತಿಗೆ ಅದರಲ್ಲಿ ಬಹಳ ಹೊಗಳಿಕೆ ಇತ್ತು. ಭಾನುವಾರ ನಾನು ಮಂಗಳೂರಿನ ಮಂಗಳಾ ಸ್ಟೇಡಿಯಂ ತಲುಪುವಾಗ ಗಡಿಯಾರದಲ್ಲಿ 4 ಗಂಟೆ 41 ನಿಮಿಷ. ಆ ಬರಹ ಅಳಿಸಿದೆ.

"ಎಂತ ಆಯ್ತು?" ಅಂತ ಕೇಳುತ್ತಿರುವವರಿಗೆಲ್ಲ ಒಟ್ಟಿಗೇ ಹೇಳಿಬಿಡುತ್ತೇನೆ. ಹೊಟ್ಟೆ ಕೆಟ್ಟಿರಲಿಲ್ಲ, ಕಾಲು ಉಳುಕಿರಲಿಲ್ಲ. ಅಹಂಕಾರ ಬಂತು, ಅಷ್ಟೆ. ಕಿಲೋಮೀಟರಿಗೆ 6 ನಿಮಿಷ 24 ಸೆಕೆಂಡಿನ ಲೆಕ್ಕದಲ್ಲಿ ಹೋಗಬೇಕಿತ್ತು. ಬೆಳಗಿನ ಜಾವ, ಖಾಲಿ ರಸ್ತೆ. 4:30ರ ಬಾವುಟ ಕಟ್ಟಿಕೊಂಡು, ಸರಿಯಾಗಿ ಆ ಹೊತ್ತಿಗೆ ಮುಗಿಯುವ ಹಾಗೆ ಒಂದೇ ವೇಗದಲ್ಲಿ ಓಡುವ ಪೇಸರ್ ಹುಡುಗ ತೀರಾ ನಿಧಾನ ಅನಿಸಿದ. ಅವನನ್ನು ಹಿಂದೆ ಹಾಕಿ ಅರ್ಧ ದಾರಿಯನ್ನು 2 ಗಂಟೆ 11 ನಿಮಿಷಕ್ಕೆ ಮುಗಿಸಿದೆ. ನಮ್ಮೂರಿನ ತಂಪನ್ನು ನಂಬಬಾರದು ಎಂದು 46 ವರ್ಷ ಇಲ್ಲೇ ಬೆವರಿದವಳಿಗೆ ಗೊತ್ತಿರಬೇಕಿತ್ತು. ಗಾಳಿಯಲ್ಲೇ ನೀರು ತುಂಬಿರುವಾಗ ಬೆವರು ಸುಮ್ಮನೆ ಇಳಿಯುತ್ತದೆ, ಆರುವುದಿಲ್ಲ. ಆರದೆ ಮೈ ತಣಿಯುವುದಿಲ್ಲ. ಮೂವತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಸ್ನಾಯುಗಳಲ್ಲಿ ಕೂಡಿಟ್ಟಿದ್ದ ಗ್ಲೈಕೋಜನ್ನೂ, ಅಂದರೆ ಓಟಕ್ಕೆ ಇಂಧನವಾಗುವ ಸಕ್ಕರೆಯ ದಾಸ್ತಾನೂ, ತಳ ಕಂಡಿರುತ್ತದೆ.

ಇದನ್ನೆಲ್ಲ ನನಗೆ ಮೊದಲೇ ಹೇಳಿದ್ದವರು ಮಾಸ್ಟ್ರು. ನಿವೃತ್ತರಾಗಿ ಮೂರು ವರ್ಷ ಆಗಿದೆ, ಕದ್ರಿ ಗುಡ್ಡೆಯ ಏರನ್ನು ನನಗಿಂತ ಸಲೀಸಾಗಿ ಹತ್ತುತ್ತಾರೆ. "ಮೊದಲ ಹತ್ತು ಕಿಲೋಮೀಟರ್ ನಾಚಿಕೆ ಆಗುವಷ್ಟು ನಿಧಾನ ಓಡಿ" ಎಂದಿದ್ದರು. ಜೂನ್‌ನಿಂದ ಪ್ರತಿ ಭಾನುವಾರ ಬಿಜೈಯಲ್ಲಿ ಕೊಡೆ ಹಿಡಿದು ನನಗಾಗಿ ಕಾದವರು. ಆಟಿಯ ಮಳೆಗೆ ಹೆದರಿ ಒಂದು ದಿನ ನಾನು ಹೋಗಲಿಲ್ಲ. ಅವರು ಅರ್ಧ ಗಂಟೆ ನಿಂತು, ಒಬ್ಬರೇ ಓಡಿ ಬಂದು, ಅದರ ಬಗ್ಗೆ ಈವರೆಗೆ ಒಂದು ಮಾತು ಆಡಿಲ್ಲ. ಈಗಲೂ "ನಾನು ಹೇಳಿರಲಿಲ್ವಾ" ಎಂದಿಲ್ಲ. ಅಂದಿದ್ದರೆ ನನಗೆ ಸ್ವಲ್ಪ ಹಗುರ ಆಗುತ್ತಿತ್ತು.

ಮನೆಯವರು ಮಳೆಗಾಲವಿಡೀ ನನ್ನ ಒದ್ದೆ ಶೂವಿಗೆ ಪೇಪರ್ ತುರುಕಿ ಬಚ್ಚಲಿನ ಹಂಡೆ ಒಲೆಯ ಪಕ್ಕ ಒಣಗಿಸಿದರು. ಒಂದು ಜೊತೆಯ ಅಡಿ ಕರಗಿತು, ಆದರೂ ಕ್ಷಮಿಸಿದ್ದೇನೆ. ಸೊಸೈಟಿಯಲ್ಲಿ ನನ್ನ ಪಕ್ಕದ ಕೌಂಟರಿನವಳು ಸೋಮವಾರಗಳಲ್ಲಿ ಕಡತ ತರಲು ನನ್ನನ್ನು ಮೆಟ್ಟಿಲು ಹತ್ತಿಸಲಿಲ್ಲ. ಅವಳಿಗೆ ಒಂದು ಊಟ ಬಾಕಿ ಉಂಟು.

ಅತ್ತೆಯ ವಿಷಯ ಸ್ವಲ್ಪ ಉದ್ದ. "ಬಸ್ಸು ಉಂಟಲ್ಲ ಮಾರಾಯ್ತಿ, ಓಡುವುದು ಎಂತಕ್ಕೆ?" ಎಂದು ಶುರು ಮಾಡಿದವರು ಅವರು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತಾರೆ. ಅದೇ ಚೌಕದ ಮೂಲೆಯಲ್ಲಿ ನಾನು ಓಡಿದ ಕಿಲೋಮೀಟರ್ ಬರೆಯತೊಡಗಿದೆ. ಜುಲೈ ಕೊನೆಗೆ ಎರಡನ್ನೂ ಕೂಡಿಸಿ ಹಾಲಿನವನಿಗೆ ಹೆಚ್ಚು ದುಡ್ಡು ಕೊಟ್ಟದ್ದೂ ಆಯಿತು. ಆಮೇಲೆ ನನ್ನ ಲೆಕ್ಕಕ್ಕೆ ಅವರೇ ಕೆಂಪು ಪೆನ್ನು ತಂದರು. ಓಟದ ದಿನ ರಾತ್ರಿ ಎರಡಕ್ಕೆ ನಾನು ಏಳುವಾಗ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಕುಚ್ಚಲಕ್ಕಿ ಗಂಜಿ, ಪಕ್ಕದಲ್ಲಿ ಮಿಡಿ ಉಪ್ಪಿನಕಾಯಿಯ ಒಂದು ಹೋಳು. ಚಾರ್ಟಿನಲ್ಲಿ ಬ್ರೆಡ್ಡು, ಪೀನಟ್ ಬಟರ್ ಎಂದಿತ್ತು. ಗಂಜಿ ಉಂಡೇ ಹೋದೆ. ಭಾನುವಾರ ಸಂಜೆ ಕ್ಯಾಲೆಂಡರ್ ನೋಡಿದರೆ ಕೆಂಪಿನಲ್ಲಿ 42 ಅಂತ ಅವರೇ ಬರೆದಿದ್ದರು. ಹಾಲು ಒಂದು ಲೀಟರ್ ಹೆಚ್ಚು, ಪಾಯಸಕ್ಕೆ.

ಇನ್ನು ದಾರಿಯಲ್ಲಿ ಸಿಕ್ಕವರು. ತಣ್ಣೀರುಬಾವಿ ರಸ್ತೆಯಲ್ಲಿ, 31ನೇ ಕಿಲೋಮೀಟರ್ ದಾಟಿದ ಮೇಲೆ, ಹಿಂದಿನಿಂದ ಬಾವುಟ ಪಟಪಟ ಅನ್ನುವ ಸದ್ದು ಕೇಳಿತು. ತಿರುಗದೆಯೇ ಗೊತ್ತಾಯಿತು. ಪೇಸರ್ ಹುಡುಗ ಬದಿಗೆ ಬಂದು "ಅಕ್ಕ, ಬನ್ನಿ, ಒಟ್ಟಿಗೆ ಹೋಗುವ" ಅಂದ. ಸುಮಾರು ಮುನ್ನೂರು ಮೀಟರ್ ಜೊತೆಗೆ ಹೋದೆ. ನೋಡುತ್ತಿದ್ದಂತೆ ಬಾವುಟ ಗಾಳಿಮರಗಳ ನಡುವೆ ಸಣ್ಣದಾಗುತ್ತಾ ಹೋಯಿತು. ಬೆಳಿಗ್ಗೆ ನಾನು ಅವನನ್ನು ದಾಟುವಾಗ ಒಂದು ಮಾತೂ ಆಡಿರಲಿಲ್ಲ. ತಮ್ಮಾ, ನೀನು ಇದನ್ನು ಓದಿದರೆ, ಕ್ಷಮೆ ಇರಲಿ.

ಕೂಳೂರು ಸೇತುವೆಯಲ್ಲಿ ನಡೆದೆ. ಮುಚ್ಚಿಡುವುದೇನಿಲ್ಲ, ಅಲ್ಲಿಂದ ಮುಂದೆಯೂ ಎಷ್ಟೋ ಕಡೆ ನಡೆದೆ. ಕೊಟ್ಟಾರದ ಏರಿನಲ್ಲಿ ಪೊಲೀಸರು ತಡೆದು ನಿಲ್ಲಿಸಿದ್ದ ಸಿಟಿ ಬಸ್ಸಿನ ಕಂಡಕ್ಟರ್ ಬಸ್ಸಿನ ಮೈಗೆ ಬಡಿಯುತ್ತಾ "ಬಲಿಪುಲೆ ಅಕ್ಕಾ, ಬಲಿಪುಲೆ!" (ಓಡಿ ಅಕ್ಕಾ, ಓಡಿ) ಎಂದು ತುಳುವಿನಲ್ಲಿ ಕೂಗಿದರು. ಲಾಲ್‌ಬಾಗ್‌ನಲ್ಲಿ ನನ್ನ ಒಂದು ಕಾಲು ನೆಲದಲ್ಲಿರುವಾಗಲೇ ರೈಟ್ ಅನ್ನುವ ಬಳಗದವರು! ಆದರೂ ಓಡಿದೆ. ಇಗರ್ಜಿಗೆ ಹೊರಟು ನಮ್ಮಿಂದಾಗಿ ರಸ್ತೆ ದಾಟಲಾಗದೆ ನಿಂತವರು ಬೈಯಬಹುದಿತ್ತು, ಚಪ್ಪಾಳೆ ತಟ್ಟಿದರು. ನಿಂಬೆಹಣ್ಣಿಗೆ ಉಪ್ಪು ಹಚ್ಚಿ ಕೊಟ್ಟ ಕಾಲೇಜು ಮಕ್ಕಳೇ, ನಿಮ್ಮಲ್ಲಿ ಒಬ್ಬಳು "ಇನ್ನು ಎರಡೇ ಕಿಲೋಮೀಟರ್" ಎಂದು ಸುಳ್ಳು ಹೇಳಿದ್ದು ನೆನಪುಂಟು. ನಾಲ್ಕು ಇತ್ತು.

42ರ ಫಲಕ ದಾಟಿದ ಮೇಲೂ 195 ಮೀಟರ್ ಉಳಿಯುತ್ತದೆ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟು ಸ್ಟೇಡಿಯಂನ ರಾಜಮನೆತನದ ಆಸನದ ಎದುರು ಮುಗಿಸಿದ ದೂರ ಅದು, 1921ರಲ್ಲಿ ಖಾಯಂ ಆಯಿತು. ಆ ರಾಜಮನೆತನಕ್ಕೆ ಮಾತ್ರ ನನ್ನ ಧನ್ಯವಾದ ಇಲ್ಲ.

ಕೊನೆಯದಾಗಿ ಒಬ್ಬರನ್ನು ಹುಡುಕುತ್ತಿದ್ದೇನೆ. ಬಾವುಟ ಕಣ್ಮರೆಯಾದ ಮೇಲೆ ನಾನು ರಸ್ತೆಯ ಬದಿಯಲ್ಲಿ ಮೊಣಕಾಲಿಗೆ ಕೈ ಕೊಟ್ಟು ಬಗ್ಗಿ ನಿಂತಿದ್ದೆ. ಬಲೆ ಸರಿ ಮಾಡುತ್ತಿದ್ದ ಹಿರಿಯರೊಬ್ಬರು ಎದ್ದು ಬಂದರು. ಏನೂ ಕೇಳಲಿಲ್ಲ. ಹೆಗಲ ಮೇಲಿದ್ದ ಬೈರಾಸನ್ನು ಕೊಡಪಾನದ ನೀರಿನಲ್ಲಿ ಅದ್ದಿ, ಹಿಂಡದೆ ನನ್ನ ಕುತ್ತಿಗೆಗೆ ಹಾಕಿ, ಮತ್ತೆ ಹೋಗಿ ಬಲೆಯ ಮುಂದೆ ಕೂತರು. ನೀರು ಬೆನ್ನಿನುದ್ದಕ್ಕೂ ಇಳಿದು ಶೂವಿನವರೆಗೆ ಹೋಯಿತು. ಅದನ್ನು ಹಾಕಿಕೊಂಡೇ ಓಡಿ ಮುಗಿಸಿದ್ದೇನೆ, ಮೆಡಲ್ ಹಿಡಿದ ಫೋಟೋದಲ್ಲೂ ಅದು ಉಂಟು. ನೀಲಿ ಚೌಕುಳಿ, ಒಂದು ಅಂಚು ಹರಿದಿದೆ, ಒಗೆದರೂ ಮೀನಿನ ವಾಸನೆ ಪೂರ್ತಿ ಹೋಗಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ಅದೇ ಜಾಗಕ್ಕೆ ತರುತ್ತೇನೆ. ಆ ಕಡೆಯವರು ಯಾರಾದರೂ ಓದಿದರೆ ಅವರಿಗೊಂದು ಮಾತು ತಿಳಿಸಿ.